ಫ್ರೀಡಂ ಪ್ಲಾಜಾದಲ್ಲಿ ಪುಲಾಸ್ಕಿಯ ಎದುರು

ಮಗಳ ಮನೆಗೆಂದು ವರ್ಜೀನಿಯಾಕ್ಕೆ ಹೋಗಿದ್ದಾಗ, ಒಂದು ಮಧ್ಯಾಹ್ನ ವಾಷಿಂಗ್ಟನ್ನಿನ ಫ್ರೀಡಂ ಪ್ಲಾಜಾಕ್ಕೆ ಹೋಗಿದ್ದೆವು. ಆ ಕಲ್ಲುಹಾಸಿನ ಬಯಲಿನ ಪೂರ್ವ ತುದಿಯಲ್ಲಿ, ಎತ್ತರದ ಪೀಠದ ಮೇಲೆ, ಪೋಲೆಂಡಿನ ಸೇನಾ ಉಡುಪಿನಲ್ಲಿ ಕುದುರೆಯೇರಿದ ಕಂಚಿನ ಸೇನಾನಿಯೊಬ್ಬನಿದ್ದಾನೆ. ಜನ ಅವನತ್ತ ತಲೆಯೆತ್ತದೆ ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್‌ನ ಗುಮ್ಮಟದ ಫೋಟೋ ತೆಗೆಯುತ್ತಿದ್ದುದು ನನಗೆ ಬೇಸರ ತಂದಿತು.

ಅವನು ಕ್ಯಾಸಿಮಿರ್ ಪುಲಾಸ್ಕಿ. ತನ್ನ ನಾಡಿನಲ್ಲಿ ರಷ್ಯಾದ ಹಿಡಿತದ ವಿರುದ್ಧ ಹೋರಾಡಿ ಸೋತು, ದೇಶಭ್ರಷ್ಟನಾಗಿ ಅಲೆದು, ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನ ಶಿಫಾರಸು ಪಡೆದು 1777ರಲ್ಲಿ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಲು ಅಮೆರಿಕಕ್ಕೆ ಬಂದವನು. ಅದೇ ಸೆಪ್ಟೆಂಬರಿನ ಬ್ರಾಂಡಿವೈನ್ ಕದನದಲ್ಲಿ ಹಿಮ್ಮೆಟ್ಟುತ್ತಿದ್ದ ಜಾರ್ಜ್ ವಾಷಿಂಗ್ಟನ್ನನ ಸೇನೆಗೆ ರಕ್ಷಣೆಯಾಗಿ ನಿಂತ ಅವನನ್ನು ಆ ದೇಶ ತನ್ನ ಅಶ್ವದಳದ ಪಿತಾಮಹನೆಂದು ಗೌರವಿಸುತ್ತದೆ. 1779ರ ಅಕ್ಟೋಬರಿನಲ್ಲಿ, ಬ್ರಿಟಿಷರ ವಶದಲ್ಲಿದ್ದ ಸವಾನಾ ಪಟ್ಟಣದ ಮೇಲಿನ ದಾಳಿಯಲ್ಲಿ ಫಿರಂಗಿಯ ಗುಂಡು ತಗುಲಿ, ಎರಡು ದಿನಗಳ ನಂತರ ತೀರಿಕೊಂಡ. ಆಗ ಅವನ ವಯಸ್ಸು 34.

ಪ್ರತಿಮೆಗಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು ಕಾಲಡಿಯ ನೆಲ. ಫ್ರಾನ್ಸಿನಿಂದ ಬಂದ ಪಿಯೆರ್ ಲಾಂಫಾನ್ 1791ರಲ್ಲಿ ಈ ರಾಜಧಾನಿಗೆಂದು ರಚಿಸಿದ ನಕ್ಷೆಯನ್ನು ಅಲ್ಲಿ ಬಿಳಿ, ಕಪ್ಪು ಕಲ್ಲುಗಳಲ್ಲಿ ಕೂರಿಸಿದ್ದಾರೆ. ನಗರದ ನಡುವಿನ ಉದ್ದನೆಯ ಹುಲ್ಲುಬಯಲಾದ ನ್ಯಾಷನಲ್ ಮಾಲ್ ಇರಬೇಕಾದ ಕಡೆ ನಿಜವಾದ ಹುಲ್ಲನ್ನೇ ಬೆಳೆಸಿದ್ದಾರೆ. ಮೊಮ್ಮಗಳು ಕಲ್ಲಿನ ಪೆನ್ಸಿಲ್ವೇನಿಯಾ ಅವೆನ್ಯೂದ ಗುಂಟ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ನಡೆದಳು. ಆ ಲಾಂಫಾನ್ ಕೂಡ ಸವಾನಾದ ಅದೇ ದಾಳಿಯಲ್ಲಿ ಗಾಯಗೊಂಡು ಬಿದ್ದವನೆಂದು ನಾನು ಹೇಳಿದಾಗ ಅವಳು, "ಹಾಗಾದರೆ ಇವರಿಬ್ಬರೂ ಒಂದೇ ಯುದ್ಧದವರಾ ತಾತಾ?" ಎಂದು ಮತ್ತೆ ಮತ್ತೆ ಕೇಳಿದಳು. ಹೌದು, ಪರದೇಶದಿಂದ ಬಂದ ಇಬ್ಬರ ರಕ್ತವೂ ಒಂದೇ ಮಣ್ಣಿನಲ್ಲಿ ಬಿದ್ದಿತ್ತು. ಬದುಕುಳಿದವನು ನಗರದ ನಕ್ಷೆ ಬರೆದ, ಮಡಿದವನು ಆ ನಕ್ಷೆಯ ಅಂಚಿನಲ್ಲಿ ಕುದುರೆಯೇರಿದ್ದಾನೆ. ಅಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಇದು ತಿಳಿಯಬೇಕು ಎಂಬುದು ನನ್ನ ಬಲವಾದ ಆಸೆ.

ಇಬ್ಬರಿಗೂ ಗೌರವ ಸಂದದ್ದು ತೀರಾ ತಡವಾಗಿ, ಆದರೆ ಹೆಚ್ಚುಕಡಿಮೆ ಒಟ್ಟಿಗೆ. ಬಡತನದಲ್ಲಿ ಸತ್ತ ಲಾಂಫಾನನ ಅವಶೇಷಗಳನ್ನು 1909ರಲ್ಲಿ ಯೋಧರ ರಾಷ್ಟ್ರೀಯ ಸ್ಮಶಾನವಾದ ಆರ್ಲಿಂಗ್ಟನ್‌ಗೆ ತಂದರು. ಕಾಜಿಮಿಯೆರ್ಜ್ ಹೊಡ್ಜಿನ್ಸ್ಕಿ ರೂಪಿಸಿದ ಪುಲಾಸ್ಕಿಯ ಪ್ರತಿಮೆ 1910ರ ಮೇ 11ರಂದು, ಅಧ್ಯಕ್ಷ ಟಾಫ್ಟ್ ಅವರ ಸಮ್ಮುಖದಲ್ಲಿ ಅನಾವರಣಗೊಂಡಿತು. ಪ್ರಾಣ ಕೊಟ್ಟ ಪುಲಾಸ್ಕಿಗೆ ಅಮೆರಿಕದ ಗೌರವ ಪೌರತ್ವ ದೊರೆತದ್ದು ಮಾತ್ರ 2009ರಲ್ಲಿ.