ಅಕ್ಕ ಎರಡ್ ಸತಿ ಕೇಳುದ್ಲು

ಈ ವಾರ ಪೂರ್ತಿ ಒಂದು ಮಾತು ನನ್ನ ತಲೆಯಿಂದ ಹೋಗ್ತಾ ಇಲ್ಲ. ಹೇಳಿದ್ದು ಐದು ವರ್ಷದ ಹುಡುಗಿ. ನನಗೆ ಹೇಳಿದ್ದೂ ಅಲ್ಲ, ಪಕ್ಕದಲ್ಲಿ ಕೂತಿದ್ದ ಗೆಳತಿಗೆ. "ಅಕ್ಕ ಎರಡ್ ಸತಿ ಕೇಳುದ್ಲು. ಅದ್ಕೇ ಬ್ಯಾರೆ ಹೇಳ್ದೆ."

ನಾನು ಮಕ್ಕಳ ಬೆಳವಣಿಗೆಯ ಬಗ್ಗೆ ಪಾಠ ಮಾಡುವವಳು; ಅಕ್ಕ ಅಂದರೆ ನನ್ನ ಎಂಎಸ್ಸಿ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಮಂಗಳವಾರ ಟಿ. ನರಸೀಪುರ ತಾಲ್ಲೂಕಿನ ಒಂದು ಅಂಗನವಾಡಿಗೆ ಹೋಗಿದ್ದೆವು. ಚಾಪೆಯ ಮೇಲೆ ಹುಣಸೆ ಬೀಜಗಳ ಎರಡು ಸಾಲು, ಒಂದೊಂದರಲ್ಲೂ ಆರು ಬೀಜ. ಎರಡರಲ್ಲೂ ಒಂದೇ ಸಮ ಇದೆಯಾ, ಇಲ್ಲ ಒಂದರಲ್ಲಿ ಜಾಸ್ತಿ ಇದೆಯಾ ಅಂತ ವಿದ್ಯಾರ್ಥಿನಿ ಕೇಳಿದಳು. ಹುಡುಗಿ ಬೆರಳಿಟ್ಟು ಎಣಿಸಿ, "ಎಲ್ಡೂ ಒಂದೇ" ಅಂದಳು. ಆಮೇಲೆ ನನ್ನ ವಿದ್ಯಾರ್ಥಿನಿ ಕೆಳಗಿನ ಸಾಲಿನ ಬೀಜಗಳನ್ನು ದೂರ ದೂರ ಸರಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಹುಡುಗಿ ಬೀಜಗಳ ಕಡೆ ನೋಡಲೇ ಇಲ್ಲ. ಕೇಳಿದವಳ ಮುಖ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು, ಉದ್ದದ ಸಾಲಿಗೆ ಬೆರಳು ತೋರಿಸಿ "ಇದ್ರಲ್ ಜಾಸ್ತಿ" ಅಂದಳು. ಫಾರಂನಲ್ಲಿ ಸೊನ್ನೆ ಬಿತ್ತು. ಮುಂದಿನ ಮಗುವನ್ನು ಕರೆದದ್ದಾಯಿತು.

ಎದ್ದು ಹೋಗಿ ಗೋಡೆಯ ಪಕ್ಕ ಕೂತವಳು ಗೆಳತಿಗೆ ಆ ಮಾತು ಹೇಳಿದಳು. ನಾನು ಹತ್ತಿರದಲ್ಲೇ ಇದ್ದದ್ದರಿಂದ ಕಿವಿಗೆ ಬಿತ್ತು.

ನನ್ನ ವಿದ್ಯಾರ್ಥಿನಿಯ ಬಗ್ಗೆ ಒಂದು ಮಾತು ಹೇಳಬೇಕು. ತುಂಬ ಚುರುಕು ಹುಡುಗಿ, ಓದಿದ್ದೆಲ್ಲ ನೆನಪಿರುತ್ತದೆ. ಆದರೆ ಮಕ್ಕಳ ಜೊತೆ ಇರುವಾಗ ಅವಳ ಕಣ್ಣು ಫಾರಂ ಮೇಲೇ ಇರುತ್ತದೆ. ಮಗು ಕೊಡುವ ಉತ್ತರಕ್ಕೆ ಯಾವ ಚೌಕದಲ್ಲಿ ಟಿಕ್ ಹಾಕಬೇಕು ಅನ್ನೋದೇ ಅವಳ ಯೋಚನೆ. ಇದು ಅವಳೊಬ್ಬಳ ಸ್ವಭಾವ ಅಲ್ಲ. ಎರಡು ವರ್ಷದ ಕೋರ್ಸಿನಲ್ಲಿ ಮಕ್ಕಳ ಜೊತೆ ಸುಮ್ನೆ ಕೂರುವುದಕ್ಕೆ ನಾವು ಕೊಡುವ ಸಮಯ ಅಷ್ಟು ಕಡಿಮೆ.

ಈ ಬೀಜದ ಆಟ ಹೊಸದಲ್ಲ. ಜಿನೀವಾದಲ್ಲಿ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಅಲಿನಾ ಶೆಮಿನ್ಸ್ಕಾ ಮಕ್ಕಳಲ್ಲಿ ಸಂಖ್ಯೆಯ ತಿಳಿವಳಿಕೆ ಹೇಗೆ ಬೆಳೆಯುತ್ತದೆ ಅಂತ ಬರೆದ ಪುಸ್ತಕ 1941ರಲ್ಲೇ ಬಂತು. ಸಾಲು ಉದ್ದವಾದ ಮಾತ್ರಕ್ಕೆ ಎಣಿಕೆ ಬದಲಾಗುವುದಿಲ್ಲ ಅನ್ನುವುದು ಆರೇಳು ವರ್ಷದವರೆಗೆ ಹೆಚ್ಚಿನ ಮಕ್ಕಳಿಗೆ ಹೊಳೆಯುವುದಿಲ್ಲ ಅನ್ನುವುದು ಅವರ ವಾದ. ಬಿ.ಎಡ್., ಡಿ.ಎಡ್. ಪುಸ್ತಕಗಳಲ್ಲಿ ಇವತ್ತಿಗೂ ಇದನ್ನೇ ಓದಿಸುತ್ತೇವೆ. ಮಗುವಿಗೆ ಈ ವಯಸ್ಸಿಗೆ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ ಅಂತ ಗೆರೆ ಎಳೆದು ಹೇಳುತ್ತೇವೆ.

1974ರಲ್ಲಿ ಸೂಸನ್ ರೋಸ್ ಮತ್ತು ಮರಿಯನ್ ಬ್ಲ್ಯಾಂಕ್ ಅನ್ನುವ ಇಬ್ಬರು ಸಂಶೋಧಕಿಯರು ಸಣ್ಣದೊಂದು ಬದಲಾವಣೆ ಮಾಡಿದರು. ಮೊದಲ ಪ್ರಶ್ನೆಯನ್ನು ಕೈಬಿಟ್ಟರು. ಸಾಲು ಸರಿಸಿದ ಮೇಲೆ ಒಂದೇ ಸಲ ಕೇಳಿದರು. ಅಷ್ಟಕ್ಕೇ ಆರು ವರ್ಷದ ಮಕ್ಕಳ ತಪ್ಪುಗಳು ಕಡಿಮೆಯಾದವು. ಅದೇ ಹೊತ್ತಿಗೆ ಎಡಿನ್‌ಬರೋದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಇನ್ನೊಂದು ದಾರಿ ಹಿಡಿದರು. ಸಾಲನ್ನು ದೊಡ್ಡವರು ಸರಿಸುವ ಬದಲು ತುಂಟ ಕರಡಿ ಗೊಂಬೆಯೊಂದು ಪೆಟ್ಟಿಗೆಯಿಂದ ಹೊರಗೆ ಬಂದು ಕೆಡಿಸುತ್ತಿತ್ತು. ಕೆಡಿಸಿದ್ದು ಕರಡಿ ಆದಾಗ ಎಷ್ಟೋ ಹೆಚ್ಚು ಮಕ್ಕಳು "ಎರಡೂ ಒಂದೇ" ಅಂದರು. ದೊಡ್ಡವರು ಬೇಕೂಂತಲೇ ಏನೋ ಮಾಡಿ ಮತ್ತೆ ಕೇಳಿದರೆ, ಉತ್ತರ ಬದಲಾಗಬೇಕೇನೋ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಕರಡಿಗೆ ಅಂಥ ಉದ್ದೇಶ ಯಾವುದೂ ಇರುವುದಿಲ್ಲವಲ್ಲ.

ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆದರೆ ಪಾಠ ಮಾಡುವುದು ಬೇರೆ, ಒಂದು ಮಗು ತಾನಾಗಿಯೇ ಕಾರಣ ಹೇಳುವುದನ್ನು ಕೇಳುವುದು ಬೇರೆ. ಅಕ್ಕ ಎರಡ್ ಸತಿ ಕೇಳುದ್ಲು. ಅದ್ಕೇ ಬ್ಯಾರೆ ಹೇಳ್ದೆ. ರೋಸ್ ಮತ್ತು ಬ್ಲ್ಯಾಂಕ್ ಪ್ರಯೋಗ ಮಾಡಿ ಊಹಿಸಿದ್ದನ್ನು ಈ ಹುಡುಗಿ ಎರಡೇ ವಾಕ್ಯದಲ್ಲಿ ಹೇಳಿಬಿಟ್ಟಳು. ಅವಳಿಗೆ ಬೀಜದ ಲೆಕ್ಕ ಮೊದಲೇ ಗೊತ್ತಿತ್ತು. ಅವಳು ಲೆಕ್ಕ ಹಾಕುತ್ತಿದ್ದದ್ದು ಎದುರಿಗೆ ಕೂತ ಅಕ್ಕನಿಗೆ ಯಾವ ಉತ್ತರ ಬೇಕು ಅನ್ನುವುದನ್ನು.

ಊಟದ ಹೊತ್ತಿಗೆ ಅಲ್ಲಿನ ಕಾರ್ಯಕರ್ತೆಗೆ ಇದನ್ನು ಹೇಳಿದೆ. ಅವರಿಗೆ ಸ್ವಲ್ಪವೂ ಆಶ್ಚರ್ಯ ಆಗಲಿಲ್ಲ. ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಲೇ ಹೇಳಿದರು: "ಮೇಡಂ, ನಮ್ಮನ್ನ ಎರಡನೇ ಸಲ ಯಾರಾದ್ರೂ ಕೇಳೋದು ಯಾವಾಗ? ಮೊದಲು ಹೇಳಿದ್ದು ಹಿಡಿಸದೇ ಇದ್ದಾಗ ತಾನೇ?" ಆಮೇಲೆ ದನಿ ತಗ್ಗಿಸಿ ಅಂದರು, "ನಮ್ಮ ಮೀಟಿಂಗಲ್ಲೂ ಅಷ್ಟೇ. ಈ ಮಗು ತೂಕ ಇಷ್ಟೇನಾ, ಸರಿಯಾಗಿ ನೋಡಿದ್ರಾ ಅಂತ ಎರಡನೇ ಸಲ ಕೇಳ್ತಾರಲ್ಲ, ಆಗ ಒಂದು ಇನ್ನೂರು ಗ್ರಾಂ ಜಾಸ್ತಿ ಹೇಳಿಬಿಡೋಣ ಅನ್ಸುತ್ತೆ. ನಾನು ಹೇಳಲ್ಲ. ಆದ್ರೆ ಅನ್ಸೋದಂತೂ ನಿಜ."

ಇವರನ್ನು ಕಂಡರೆ ನನಗೆ ಬಹಳ ಗೌರವ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಮಕ್ಕಳ ಹಾಜರಿ, ಪೋಷಣ್ ಟ್ರ್ಯಾಕರ್ ಆ್ಯಪ್, ಬಾಣಂತಿಯರ ಮನೆ ಭೇಟಿ, ತೂಕ, ಲಸಿಕೆ ದಿನ, ಚುನಾವಣೆ ಬಂದರೆ ಮತದಾರರ ಪಟ್ಟಿ ನೋಡುವ ಬಿಎಲ್‌ಒ ಕೆಲಸ. ಇದೆಲ್ಲದರ ನಡುವೆ ಯಾವ ಮಗು ಇವತ್ತು ಮಂಕಾಗಿದೆ, ಯಾವುದು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ಅಂತ ಮುಖ ನೋಡಿಯೇ ಹೇಳುತ್ತಾರೆ. ಇಷ್ಟಾದರೂ ಸರ್ಕಾರದ ಲೆಕ್ಕದಲ್ಲಿ ಅವರಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ಕೇಂದ್ರ 2018ರಲ್ಲಿ ಅದನ್ನು ತಿಂಗಳಿಗೆ 4,500 ರೂಪಾಯಿಗೆ ಏರಿಸಿತು, ಉಳಿದದ್ದನ್ನು ರಾಜ್ಯ ಸೇರಿಸಿ ಕೊಡುತ್ತದೆ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಅನ್ನುವುದನ್ನು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಇದೇ ಟಿ. ನರಸೀಪುರಕ್ಕೆ. ಐವತ್ತು ವರ್ಷ ಮಕ್ಕಳನ್ನು ನೋಡಿಕೊಂಡ ತಾಲ್ಲೂಕು ಇದು. ಇಲ್ಲಿನ ಹೆಂಗಸರಿಗೆ ಮಕ್ಕಳ ಬಗ್ಗೆ ಗೊತ್ತಿರುವುದನ್ನು ನಮ್ಮ ವಿಭಾಗಗಳು ಕೂತು ಬರೆದುಕೊಂಡದ್ದು ಎಷ್ಟು?

ಕನ್ನಡದ ಮಕ್ಕಳಿಗೆ ದೊಡ್ಡವರು ಪರೀಕ್ಷೆ ಇಡುತ್ತಾ ಬಂದದ್ದು ಇವತ್ತು ನಿನ್ನೆಯಿಂದಲ್ಲ. ವಿ. ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಅವರ ಬುದ್ಧಿಮತ್ತೆ ಪರೀಕ್ಷೆಯನ್ನು ಧಾರವಾಡದ ಕಡೆಯ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ಬಿನೆ-ಕಾಮತ್ ಪರೀಕ್ಷೆಯನ್ನು ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಸುತ್ತಾರೆ. ಅದು ದೊಡ್ಡ ಕೆಲಸ, ಅನುಮಾನ ಇಲ್ಲ. ಹೊರಗಿನ ಪ್ರಶ್ನೆಗಳನ್ನು ಹಾಗೇ ಹೇರದೆ, ಇಲ್ಲಿನ ಮಕ್ಕಳನ್ನು ಕೂರಿಸಿಕೊಂಡು ಕೇಳಿ, ಇಲ್ಲಿನದೇ ಅಳತೆ ಕಟ್ಟಿದರು. ಬರೋಡದಲ್ಲಿ ಪ್ರಮೀಳಾ ಫಾಟಕ್ ಹಸುಗೂಸುಗಳ ಬೆಳವಣಿಗೆಗೆ ಇಂಥದ್ದೇ ಅಳತೆ ಮಾಡಿಕೊಟ್ಟರು. ಆದರೆ ಮಂಗಳವಾರದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಇಷ್ಟು ವರ್ಷಗಳಲ್ಲಿ ಎಷ್ಟು ಮಕ್ಕಳು ಕೇಳಿದವರ ಮುಖ ನೋಡಿ ಉತ್ತರ ಬದಲಿಸಿರಬಹುದು? ಎಷ್ಟು ಮಕ್ಕಳ ಹೆಸರಿನ ಮುಂದೆ ಬರೆದ ಅಂಕ, ನಿಜವಾಗಿ ಅವರ ವಿಧೇಯತೆಯ ಅಂಕ?

ಮಕ್ಕಳ ವಿಷಯ ಓದುವವರನ್ನು ಜನ ಹೇಗೆ ನೋಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಮದುವೆ ಮನೆಯಲ್ಲಿ ಒಬ್ಬರು, "ಎಲ್‌ಕೆಜಿ ಮಕ್ಕಳ ಬಗ್ಗೆ ಪಿಎಚ್‌ಡಿ ಮಾಡೋಕೆ ಏನಿರುತ್ತೆ?" ಅಂತ ಎಲ್ಲರೆದುರು ಕೇಳಿದ್ದರು. ಕೆಟ್ಟ ಮನುಷ್ಯ ಅಲ್ಲ, ಆದರೆ ಕೇಳಿಸಿಕೊಳ್ಳುವ ಅಭ್ಯಾಸ ಇಲ್ಲದವರು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿ ಎಲ್ಲರಿಗೂ ಗೊತ್ತು. ಅವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಅನ್ನುವುದು ಎಷ್ಟು ಜನರಿಗೆ ಗೊತ್ತು? ನಮ್ಮ ಊರಿನಲ್ಲೇ ಈ ವಿಷಯಕ್ಕೆ ಇಷ್ಟು ಹಳೆಯ ಬೇರು ಇದೆ. ಆದರೂ ಮೂರು ವರ್ಷದ ಮಗುವಿನ ಮನಸ್ಸು ಅಂದರೆ ಆಟದ ಸಾಮಾನು ಅನ್ನುವ ಹಾಗೆ ಮಾತಾಡುತ್ತಾರೆ.

ಇನ್ನೂ ಬೇಸರ ಆಗುವುದು ನಮ್ಮವರೇ ಹಾಗೆ ನಡೆದುಕೊಂಡಾಗ. ಹಿಂದೊಮ್ಮೆ ಒಂದು ವೈವಾದಲ್ಲಿ ಹುಡುಗಿಯೊಬ್ಬಳು ಸರಿಯಾದ ಉತ್ತರ ಕೊಟ್ಟಳು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದು, "ಹೌದಾ? ಇನ್ನೊಂದ್ಸಲ ಯೋಚನೆ ಮಾಡಿ" ಅಂದರು. ಅವಳು ತಕ್ಷಣ ಉತ್ತರ ಬದಲಿಸಿದಳು. ಅವರು ಅಂಕ ಕಳೆದರು. ಆ ಹುಡುಗಿಗೆ ಆಗ ಇಪ್ಪತ್ತಮೂರು ವರ್ಷ ಇರಬೇಕು. ಐದನೇ ವಯಸ್ಸಿನಲ್ಲಿ ಚಾಪೆಯ ಮೇಲೆ ಕಲಿತದ್ದನ್ನು ಅಷ್ಟು ವರ್ಷ ಹಾಗೇ ಉಳಿಸಿಕೊಂಡಿದ್ದಳು ಅಂತ ಈಗ ಅನ್ನಿಸುತ್ತಿದೆ. ಎರಡನೇ ಸಲ ಕೇಳಿದಾಗಲೂ "ಅದೇ ಸಾರ್, ಮೊದಲು ಹೇಳಿದ್ದೇ" ಅನ್ನುವ ಧೈರ್ಯವನ್ನು ನಾವು ಯಾವ ತರಗತಿಯಲ್ಲಿ ಕಲಿಸುತ್ತೇವೆ? ಮನೆಯಲ್ಲಂತೂ ಹೆಣ್ಣುಮಕ್ಕಳು ಹಾಗೆ ಅಂದರೆ ಎದುರುತ್ತರ ಅನ್ನುತ್ತಾರೆ.

ನರಸೀಪುರದಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ವಿದ್ಯಾರ್ಥಿನಿಗೆ ಹುಡುಗಿಯ ಮಾತು ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಮೇಡಂ, ಹಾಗಾದ್ರೆ ನನ್ನ ಫಾರಂ ಎಲ್ಲಾ ವೇಸ್ಟಾ?" ಅಂತ ಕೇಳಿದಳು. ವೇಸ್ಟ್ ಅಲ್ಲ, ಅರ್ಧ ಮಕ್ಕಳಿಗೆ ಒಂದೇ ಸಲ ಕೇಳಿ ನೋಡೋಣ, ಫಾರಂನಲ್ಲಿ ಮಗು ಹೇಳಿದ ಮಾತು ಬರೆಯೋಕೆ ಒಂದು ಕಾಲಂ ಹಾಕೋಣ ಅಂದೆ. ಮರುದಿನವೇ ಹೊಸ ಫಾರಂ ಮಾಡಿಕೊಂಡು ಬಂದಳು. ಆ ಕಾಲಂ ಉಳಿದೆಲ್ಲಕ್ಕಿಂತ ಅಗಲವಾಗಿದೆ. ನನಗೆ ತುಂಬ ಖುಷಿಯಾಯಿತು.

ವಿಭಾಗದ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. "ಒಂದು ಮಗು ಹೇಳಿದ್ದು ಡೇಟಾ ಅಲ್ಲ" ಅಂದರು. ಅಂಕಿ-ಅಂಶದಲ್ಲಿ ಅವರು ಗಟ್ಟಿ, ಅವರಿಂದ ನಾನೂ ಕಲಿತಿದ್ದೇನೆ. ಆದರೆ ಇದನ್ನು ಒಪ್ಪಲಾರೆ. ಪಿಯಾಜೆ ತಮ್ಮ ಮೂರು ಮಕ್ಕಳನ್ನು ತೊಟ್ಟಿಲಲ್ಲಿ ನೋಡುತ್ತಾ ಬರೆದುಕೊಂಡದ್ದರಿಂದಲೇ ಈ ಶಾಸ್ತ್ರದ ಅರ್ಧ ಭಾಗ ಹುಟ್ಟಿತು. ಮಹಾರಾಷ್ಟ್ರದ ಕೋಸಬಾಡದಲ್ಲಿ ವಾರ್ಲಿ ಬುಡಕಟ್ಟಿನ ಮಕ್ಕಳು ಶಾಲೆಗೆ ಬರದಿದ್ದಾಗ, ಶಿಶುಶಿಕ್ಷಣದ ಕೆಲಸ ಮಾಡುತ್ತಿದ್ದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಆ ಮಕ್ಕಳ ಅಂಗಳಕ್ಕೇ ಹೋಗಿ ಕೂತರು. ಒಂದು ಮಗುವಿನ ಮಾತಿನಿಂದ ತೀರ್ಮಾನ ಮಾಡಬಾರದು, ನಿಜ. ಪ್ರಶ್ನೆ ಶುರುಮಾಡೋಕೆ ಒಂದು ಮಗು ಸಾಕು.

ಹೊರಡುವ ಮುಂಚೆ ಆ ಕಾರ್ಯಕರ್ತೆ ಕೇಳಿದ್ದರು: "ಮುಂದಿನ ಸಲ ನಾನೇ ಕೇಳ್ಲಾ ಮೇಡಂ? ನನ್ನ ಹತ್ರ ಮಕ್ಕಳು ಬೇರೆ ಥರ ಮಾತಾಡ್ತಾರೆ." ಖಂಡಿತ ಅಂದೆ. ಮಕ್ಕಳನ್ನು ಕೇಳುವವರು ಅವರಾದರೆ ವರದಿಯ ಮೊದಲ ಪುಟದಲ್ಲಿ ಅವರ ಹೆಸರೂ ಇರಬೇಕು ಅಂತ ವಿಭಾಗಕ್ಕೆ ಬರೆದುಕೊಟ್ಟೆ. ಕೃತಜ್ಞತೆಯ ಪುಟದಲ್ಲಿ ಹಾಕಿದರೆ ಸಾಕು ಅನ್ನುವ ಉತ್ತರ ಬಂತು. ಸಾಕಾಗುವುದಿಲ್ಲ ಅಂತ ನಿನ್ನೆ ಮತ್ತೆ ಬರೆದಿದ್ದೇನೆ.