ಸರ್ಕಾರಕ್ಕೆ ಗೊತ್ತು, ಅಪ್ಪಾಜಿಗೆ ಗೊತ್ತಿಲ್ಲ

ಶನಿವಾರ ನಮ್ಮ ಮನೆಗೆ ಸಮೀಕ್ಷೆಯವರು ಬಂದಿದ್ದರು. ಎಲ್ಲರೂ ಜಾತಿ ಗಣತಿ ಅಂತ ಕರೀತಾರಲ್ಲ, ಅದೇ. ಬನ್ನಿ ಹಬ್ಬ ಮುಗಿದು ಎರಡೇ ದಿನ ಆಗಿತ್ತು. ಬಾಗಿಲಿಗೆ ಮೊದಲೇ ಚೀಟಿ ಅಂಟಿಸಿ ಹೋಗಿದ್ದರಿಂದ ಇವತ್ತೋ ನಾಳೆಯೋ ಬರ್ತಾರೆ ಅಂತ ಗೊತ್ತಿತ್ತು. ಬಂದವರು ಒಬ್ಬ ಮೇಷ್ಟ್ರು. ದಸರಾ ರಜದಲ್ಲಿ ಮನೆ ಮನೆ ಅಲೆದು 60 ಪ್ರಶ್ನೆ ಕೇಳೋದು ಸಣ್ಣ ಕೆಲಸ ಅಲ್ಲ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಆದರೂ ಅವರು ಒಂದು ಸಲವೂ ಸಿಡುಕಲಿಲ್ಲ. ಮೊಬೈಲಲ್ಲಿ ಪುಟ ತಿರುಗೋವರೆಗೆ ತಾಳ್ಮೆಯಿಂದ ಕಾಯ್ತಿದ್ದರು. ಒಳ್ಳೆ ಮನುಷ್ಯ.

ನಂದಾಯ್ತು, ನನ್ನ ಹೆಂಡತಿದಾಯ್ತು. ಮಗಳ ಹೆಸರು ಬಂತು. ವಯಸ್ಸು 23. ಓದು ಬಿಇ.

"ಈಗೇನ್ ಮಾಡ್ತಿದ್ದಾರೆ?" ಅಂದರು ಮೇಷ್ಟ್ರು.

"ಓದ್ತಾ ಇದ್ದಾಳೆ" ಅಂದೆ ನಾನು.

"ಕೆಲಸ ಹುಡುಕ್ತಾ ಇದ್ದಾಳೆ" ಅಂದಳು ಹೆಂಡತಿ, ಅಡುಗೆಮನೆಯಿಂದ.

"ಮನ್ಯಾಗದಾಳೆ ಬರ್ಕಳಪ್ಪ" ಅಂದಳು ಅವ್ವ, ಮಂಚದ ಮೇಲಿಂದ.

ಮೂರೂ ಮಾತು ಒಟ್ಟಿಗೇ ಬಂದವು. ಮೇಷ್ಟ್ರ ಬೆರಳು ಮೊಬೈಲಿನ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಿದರು, ಅಡುಗೆಮನೆ ಕಡೆ ನೋಡಿದರು, ಅವ್ವನ್ನ ನೋಡಿದರು. ಅಷ್ಟೊತ್ತಿಗೆ ಮಗಳು ರೂಮಿನಿಂದ ಓಡಿ ಬಂದಳು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು, ಹಾಗೇ ಬಂದಳು.

"ಸಾರ್, ಓದ್ತಾ ಇದ್ದಾಳೆ ಅಂತ ಹಾಕ್ಬೇಡಿ. ಯುವನಿಧಿ ದುಡ್ಡು ನಿಂತು ಹೋಗುತ್ತೆ."

"ಯಾರ ಯುವನಿಧಿ?" ಅಂದೆ.

"ನಂದು ಅಪ್ಪಾಜಿ" ಅಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. "ನಿರುದ್ಯೋಗಿ ಅಂತಾನೇ ಹಾಕಿ ಸಾರ್. ಸರ್ಕಾರಕ್ಕೆ ಆಗ್ಲೇ ಗೊತ್ತು. ಅಪ್ಪಾಜಿಗೆ ಮಾತ್ರ ಗೊತ್ತಿಲ್ಲ."

ಮೇಷ್ಟ್ರು ನಕ್ಕುಬಿಟ್ಟರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಹೆದರಬೇಡ ಅಂದರು. ಏನೋ ಒತ್ತಿದರು. ಅವ್ವನ ವಯಸ್ಸೆಷ್ಟು ಅಂತ ಮುಂದಿನ ಪ್ರಶ್ನೆಗೆ ಹೋದರು. ನಾನು ಮಾತ್ರ ಅಲ್ಲೇ ನಿಂತಿದ್ದೆ.

ವಿದ್ಯಾನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. 19 ವರ್ಷ ಆಯ್ತು. ದಾವಣಗೆರೆ ಕಾಲೇಜುಗಳ ಊರು, ನನ್ನ ಹೊಟ್ಟೆಪಾಡು ನಡೆಯೋದೇ ಅದರ ಮೇಲೆ. ಏಪ್ರಿಲ್, ಮೇನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಹುಡುಗರು ಬರ್ತಾರೆ. ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಆ ದಿನಗಳಲ್ಲಿ ಅವರ ನಗು ನೋಡಬೇಕು. ಜುಲೈ, ಆಗಸ್ಟಲ್ಲಿ ಅದೇ ಹುಡುಗರು ಅಂಕಪಟ್ಟಿ ಹಿಡ್ಕೊಂಡು ಬರ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಎಂಟು ಸೆಮಿಸ್ಟರ್, ಎಲ್ಲಾ ಸೇರಿ ಹತ್ತು ಸೆಟ್. ಕೆಲವರು ಬೆಂಗಳೂರಿಗೆ ಹೋಗ್ತಾರೆ. ಉಳಿದವರು ಆಮೇಲೆ ಒಬ್ಬೊಬ್ಬರೇ ಬರ್ತಾರೆ, ಸಂಜೆ ಜನ ಇಲ್ಲದ ಹೊತ್ತಿಗೆ. ಅಣ್ಣ, ಫೋಟೋ ಸೈಜ್ ಕಮ್ಮಿ ಮಾಡಿಕೊಡಿ, ಅರ್ಜಿಗೆ ಹಾಕ್ಬೇಕು ಅಂತಾರೆ.

ಅವರ ಅಪ್ಪ ಅಮ್ಮಂದಿರನ್ನೂ ನೋಡಿದ್ದೀನಿ. ಕೆಲಸ ಸಿಕ್ಕವರ ಅಪ್ಪಂದಿರು ಅಂಗಡಿ ಒಳಗೇ ಬರ್ತಾರೆ. ಆಫರ್ ಲೆಟರ್ ಕಲರ್ ಪ್ರಿಂಟ್ ತೆಗೀರಿ, ಎರಡು ಕಾಪಿ ಜಾಸ್ತಿ ಇರಲಿ ಅಂತಾರೆ. ಒಬ್ಬರಂತೂ ಲ್ಯಾಮಿನೇಷನ್ ಮಾಡಿಸಿದರು. ಸಿಗದವರ ಅಪ್ಪಂದಿರು ಗಾಡಿ ಆಫ್ ಮಾಡದೆ ಹೊರಗೇ ನಿಂತಿರ್ತಾರೆ. ಆ ಗಾಡಿಯ ಸದ್ದು ಕೇಳಿದರೆ ನನಗೆ ಒಳಗೆ ಕೂತಲ್ಲೇ ಗೊತ್ತಾಗುತ್ತೆ, ಇದು ಯಾವ ಮನೆ ಅಂತ.

ಓದು ಮುಗಿಸಿ ಕೆಲಸ ಸಿಗದವರಿಗೆ ಸರ್ಕಾರ ದುಡ್ಡು ಕೊಡೋ ಈ ಯುವನಿಧಿ ಶುರುವಾದಾಗಿನಿಂದ ನಾನೇ ಎಷ್ಟು ಅರ್ಜಿ ತುಂಬಿಕೊಟ್ಟಿದ್ದೀನೋ ಲೆಕ್ಕ ಇಟ್ಟಿಲ್ಲ. 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಚಾಲನೆ ಕೊಟ್ಟರು. ಆ ವಾರ ಅಂಗಡಿ ಮುಂದೆ ಸಾಲು ನಿಂತಿತ್ತು. ಡಿಗ್ರಿ ಆದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಪಾಸಾಗಿ 180 ದಿನ ಆದ ಮೇಲೂ ಕೆಲಸ ಸಿಕ್ಕಿರಬಾರದು. ಮುಂದೆ ಓದ್ತಾ ಇದ್ದರೆ ಇಲ್ಲ. ಎರಡು ವರ್ಷದವರೆಗೆ ಮಾತ್ರ. ಕೆಲಸ ಸಿಕ್ಕ ಕೂಡಲೇ ಬಂದ್. ದುಡ್ಡು ಬರ್ತಾ ಇರಬೇಕಾದರೆ ನನಗಿನ್ನೂ ಕೆಲಸ ಸಿಕ್ಕಿಲ್ಲ ಅಂತ ಅವರೇ ಆಗಾಗ ಸ್ವಯಂ ಘೋಷಣೆ ಕೊಡಬೇಕು. ಇಷ್ಟನ್ನೂ ನಾನು ನಿದ್ದೆಗಣ್ಣಲ್ಲೂ ಹೇಳ್ತೀನಿ.

ನನ್ನ ಮಗಳು ಪಾಸಾಗಿದ್ದು 2024ರಲ್ಲಿ. ಕೊರೊನಾ ಬ್ಯಾಚು. ಮೊದಲನೇ ವರ್ಷದ ಜಾಸ್ತಿ ಪಾಠ ಕೇಳಿದ್ದು ನಮ್ಮನೆ ಮೆಟ್ಟಿಲ ಮೇಲೆ ಕೂತು, ಅಲ್ಲಿ ಮಾತ್ರ ನೆಟ್ ಸಿಗ್ತಿತ್ತು. ಕೊನೇ ವರ್ಷ ಒಂದು ಕಂಪನಿಯಿಂದ ಆಫರ್ ಲೆಟರ್ ಬಂತು. ವರ್ಷಕ್ಕೆ 3.6 ಲಕ್ಷ. ನಾನೂ ಕಲರ್ ಪ್ರಿಂಟ್ ತೆಗೆದೆ. ಯಾವತ್ತು ಬಂದು ಸೇರಬೇಕು ಅನ್ನೋ ಪತ್ರ ಮಾತ್ರ ಇನ್ನೂ ಬಂದಿಲ್ಲ. ಮೇಲ್ ಹಾಕಿದರೆ "ತಿಳಿಸುತ್ತೇವೆ" ಅಂತಾರೆ. ವರ್ಷ ಕಳೆದು ಹೋಯ್ತು. ಅತ್ತ ಬಿಡೋಕೂ ಆಗದೆ ಇತ್ತ ನಂಬೋಕೂ ಆಗದೆ ಮಕ್ಕಳನ್ನ ಹೀಗೆ ಇಡೋದು ತಪ್ಪು. ಇಲ್ಲ ಅಂದರೆ ಇಲ್ಲ ಅಂತ ಹೇಳಬೇಕಲ್ವಾ?

ಊರವರ ಮಕ್ಕಳಿಗೆ ಅರ್ಜಿ ತುಂಬಿದವನು ನನ್ನ ಮಗಳಿಗೆ ಯಾಕೆ ತುಂಬಲಿಲ್ಲ? ಶನಿವಾರದಿಂದ ಇದನ್ನೇ ಯೋಚಿಸ್ತಾ ಇದ್ದೀನಿ. ದುಡ್ಡು ಬೇಡ ಅಂತಲ್ಲ. 3000 ಅಂದರೆ ನಮ್ಮಂಥ ಮನೆಗೆ ದುಡ್ಡೇ. ಆದರೆ ನಿರುದ್ಯೋಗಿ ಅನ್ನೋ ಜಾಗಕ್ಕೆ ಅವಳ ಹೆಸರು ನನ್ನ ಕೈಯಿಂದ ಟೈಪ್ ಆಗಬಾರದು ಅಂತ ಮನಸ್ಸಿನಲ್ಲಿ ಇತ್ತು. ಈ ತಿಂಗಳು ಪತ್ರ ಬರುತ್ತೆ, ಮುಂದಿನ ತಿಂಗಳು ಬರುತ್ತೆ, ಸುಮ್ನೆ ಯಾಕೆ ಅಂತ.

ಮೇಷ್ಟ್ರ ಮುಂದೆ ಓದ್ತಾ ಇದ್ದಾಳೆ ಅನ್ನೋ ಮಾತು ನನ್ನ ಬಾಯಿಂದ ಬಂದಿದ್ದೂ ಅಭ್ಯಾಸಕ್ಕೆ. ಗುರುವಾರವಷ್ಟೇ ಬನ್ನಿ ಕೊಡೋಕೆ ಎಷ್ಟೊಂದು ಜನ ಬಂದಿದ್ದರು. ಬನ್ನಿ ತಗೊಂಡು ಬಂಗಾರದಂಗಿರೋಣ ಅಂತ ಕೈಗೆ ಎಲೆ ಇಡ್ತಾರೆ. ಎಲೆ ಇನ್ನೂ ಕೈಯಲ್ಲೇ ಇರುತ್ತೆ, ಮಗಳದ್ದೇನಾಯ್ತು ಅಂತ ಕೇಳ್ತಾರೆ. ನನ್ನ ಷಡ್ಡಕ ಅಷ್ಟೂ ಕೇಳಲ್ಲ. "ಆಯ್ತಾ?" ಅಂತಾನೆ. ಒಂದೇ ಪದ. ಅವನು ಕೆಟ್ಟವನಲ್ಲ, ನನ್ನ ಅಂಗಡಿಯ ಮೊದಲ ಮಿಷನ್‌ಗೆ ಅವನೇ ಜಾಮೀನು ಹಾಕಿದ್ದು. ಆದರೆ ಅವನ ಮಗ ಬೆಂಗಳೂರಿಗೆ ಹೋದ ಮೇಲೆ ಆ ಪದವನ್ನ ಹೇಳೋ ದನಿ ಬದಲಾಗಿದೆ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಓದ್ತಾ ಇದ್ದಾಳೆ, ಪರೀಕ್ಷೆಗೆ ತಯಾರಿ ನಡೀತಿದೆ. ಮಗಳು ಒಳಗೆ ತಟ್ಟೆಗೆ ಮಂಡಕ್ಕಿ ಹಾಕ್ತಾ ಎಲ್ಲಾ ಕೇಳಿಸಿಕೊಂಡಿದ್ದಾಳೆ. ಅದು ನನಗೆ ಹೊಳೆದಿದ್ದೂ ಶನಿವಾರವೇ.

ಅವ್ವನ ಮಾತು ಬೇರೆ. ಮನ್ಯಾಗದಾಳೆ. ಅವ್ವ ಇದನ್ನ ಮೊದಲನೇ ಸಲ ಹೇಳಿದ್ದಲ್ಲ. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡ್ತಿದ್ದರು. ಆಗ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಮಿಲ್ಲಿನ ಕೂಗಿಗೆ ಓಣಿಯೇ ಏಳ್ತಿತ್ತು. ನಾನು ಹೈಸ್ಕೂಲಲ್ಲಿದ್ದಾಗ ಅಪ್ಪನ ಮಿಲ್ಲು ಬಾಗಿಲು ಹಾಕ್ತು. ಕೂಗು ನಿಂತರೂ ಅಪ್ಪ ಅದೇ ಹೊತ್ತಿಗೆ ಏಳ್ತಿದ್ದರು. ಬುತ್ತಿ ಕಟ್ಟಿಸಿಕೊಂಡು ಸೈಕಲ್ ಹತ್ತಿ ಹೊರಟುಬಿಡ್ತಿದ್ದರು. ಎಲ್ಲಿ ಕೂತು ಆ ಬುತ್ತಿ ಉಣ್ತಿದ್ದರೋ ನಮಗೆ ಯಾರಿಗೂ ಹೇಳಲಿಲ್ಲ. ಮೂರು ತಿಂಗಳು ಹಾಗೆ ನಡೀತು. ಒಂದು ದಿನ ಪಕ್ಕದ ಮನೆಯವರು ನಿಮ್ಮ ಯಜಮಾನ್ರು ಎಲ್ಲಿ ಅಂದಾಗ ಅವ್ವ ಕಟ್ಟೆ ಮೇಲೆ ಅಕ್ಕಿ ಆರಿಸ್ತಾ "ಮನ್ಯಾಗದಾರೆ" ಅಂದುಬಿಟ್ಟಳು. ಅಪ್ಪ ಅವತ್ತು ನಿಜವಾಗಲೂ ಮನೆಯಲ್ಲೇ ಇದ್ದರು, ಜ್ವರ ಬಂದು. ಮರುದಿನ ಬುತ್ತಿ ಕೇಳಲಿಲ್ಲ. ಆ ವಾರವೇ ಮಂಡಿಪೇಟೆಯಲ್ಲಿ ಒಂದು ಅಂಗಡಿಗೆ ಲೆಕ್ಕ ಬರೆಯೋಕೆ ಹೋಗಿ ಸೇರಿದರು.

ಅವ್ವನ ಬಾಯಲ್ಲಿ ಆ ಪದಕ್ಕೆ ಬೈಗುಳವೂ ಇಲ್ಲ, ನಾಚಿಕೆಯೂ ಇಲ್ಲ. ಇದ್ದಾಳೆ, ಉಂಡಿದ್ದಾಳೆ, ಆರೋಗ್ಯವಾಗಿದ್ದಾಳೆ ಅನ್ನೋ ಅರ್ಥ. ನನಗೆ ಅದು ಇಷ್ಟು ದಿನ ಬೇರೆ ಥರ ಕೇಳಿಸ್ತಿತ್ತು. ಹಾಗನ್ನಬೇಡ ಅವ್ವ ಅಂತ ಎರಡು ಸಲ ರೇಗಿದ್ದೆ ಕೂಡ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ಯಾವಾಗ ಅರ್ಜಿ ಹಾಕಿದ್ದು?"

"ಜನವರಿಲಿ."

"ಎಲ್ಲಿ?"

"ನಮ್ಮಂಗ್ಡೀಲೇ. ನೀವು ಊಟಕ್ಕೆ ಬಂದಿದ್ರಿ."

ನನ್ನ ಕುರ್ಚಿ, ನನ್ನ ಕಂಪ್ಯೂಟರು. ನಾನು ಮನೇಲಿ ಮುದ್ದೆ ಉಣ್ತಾ ಇರಬೇಕಾದರೆ ಅಲ್ಲಿ ಅವಳು ಒಬ್ಬಳೇ ಕೂತು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ತನ್ನ ಹೆಸರು ತುಂಬಿದ್ದಾಳೆ. ಆರು ಕಂತು ಬಂದಿದೆಯಂತೆ. ಪಾಸ್‌ಬುಕ್ ತಂದು ತೋರಿಸಿದಳು. ಮೊಬೈಲ್ ರೀಚಾರ್ಜು, ಎರಡು ಪರೀಕ್ಷೆಯ ಫೀಸು. ಬೆಂಗಳೂರಿಗೆ ಇಂಟರ್‌ವ್ಯೂಗೆ ಮೂರು ಸಲ ಹೋಗಿದ್ದಳಲ್ಲ, ಬಸ್ಸು ಹೆಂಗಸರ ಶಕ್ತಿ ಯೋಜನೆಯಲ್ಲಿ ಫ್ರೀ, ಅಲ್ಲಿಯ ಊಟ ಆಟೋ ಇದರಲ್ಲಿ. ಆಧಾರ್ ತೋರಿಸಿ ಸಾದಾ ಬಸ್ಸಿನಲ್ಲಿ ರಾತ್ರಿ ಇಡೀ ಕೂತು ಹೋಗಿ, ಮರುದಿನ ರಾತ್ರಿ ಹಾಗೇ ಬಂದಿದ್ದಾಳೆ. ದುಡ್ಡು ಬೇಕಾ ಅಂತ ನಾನು ಕೇಳಿದಾಗ ಬೇಡ, ಇದೆ ಅಂದಿದ್ದು ನೆನಪಾಯ್ತು. ಅಮ್ಮ ಕೊಟ್ಟಿರಬೇಕು ಅಂದುಕೊಂಡಿದ್ದೆ.

"ಮಿಕ್ಸಿ ರಿಪೇರಿನೂ ಅವಳದ್ದೇ ದುಡ್ಡು" ಅಂದಳು ಹೆಂಡತಿ, ಚಟ್ನಿ ಬಡಿಸ್ತಾ.

"ನಿಂಗೂ ಗೊತ್ತಿತ್ತಾ? ನಂಗೆ ಯಾಕೆ ಹೇಳಲಿಲ್ಲ?"

"ನೀವು ಬೇಡ ಅಂತಿದ್ರಿ ರೀ."

ಬೇಡ ಅಂತಿದ್ದೆ. ಅದು ನಿಜ.

ನನ್ನ ಹೆಂಡತಿ ಮೊದಲಿನಿಂದಲೂ ಹಾಗೆ, ಇದ್ದಿದ್ದನ್ನ ಇದ್ದ ಹಾಗೆ ಹೇಳೋಳು. ಓಣಿಯ ಹೆಂಗಸರಿಗೆಲ್ಲ ಮಗಳು ಕೆಲಸ ಹುಡುಕ್ತಾ ಇದ್ದಾಳೆ, ಎಲ್ಲಾದರೂ ಇದ್ದರೆ ಹೇಳ್ರೀ ಅಂತಾನೇ ಹೇಳಿದ್ದಾಳೆ. ಹಾಗೆ ಹೇಳಿದ್ದಕ್ಕೇ ಮೂರರಲ್ಲಿ ಒಂದು ಇಂಟರ್‌ವ್ಯೂ ಗೊತ್ತಾಗಿದ್ದು. ಓದ್ತಾ ಇದ್ದಾಳೆ ಅಂದರೆ ಯಾರು ತಾನೇ ಕೆಲಸ ಇದೆ ಅಂತ ಹೇಳ್ತಾರೆ? ಇಪ್ಪತ್ತು ಜನಕ್ಕೆ ನಾನು ಆ ಬಾಗಿಲು ಮುಚ್ಚಿ ಕಳಿಸಿದ್ದೀನಿ.

ಆಮೇಲೆ ಆ ಸ್ವಯಂ ಘೋಷಣೆ. ಅಂಗಡೀಲಿ ಹುಡುಗರು ಅದನ್ನ ಮಾಡೋವಾಗ ನಾನು ಮೌಸ್ ಹಿಡಿದು ಅವಸರ ಮಾಡ್ತೀನಿ, ಹಿಂದೆ ಗಿರಾಕಿ ಇರ್ತಾರೆ ಅಂತ. ಅವರ ಮುಖ ನೋಡಿದ್ದೇ ಇಲ್ಲ. ಮಗಳನ್ನ ಕೇಳಿದೆ, ಅದನ್ನ ಒತ್ತೋವಾಗ ಬೇಜಾರಾಗಲ್ವಾ ಅಂತ. "ಮೊದಲನೇ ಸಲ ಆಯ್ತು ಅಪ್ಪಾಜಿ. ಆಮೇಲೆ ಇಲ್ಲ. ಅದೊಂದೇ ಜಾಗದಲ್ಲಿ ಸುಳ್ಳು ಹೇಳೋ ಹಾಗಿಲ್ಲ, ಆರಾಮ ಅನ್ಸುತ್ತೆ" ಅಂದಳು. ಅವ್ವ ಮಧ್ಯೆ ಬಾಯಿ ಹಾಕಿ ಮೊಮ್ಮಗಳಿಗೂ ಪಿಂಚಣಿ ಬರ್ತದೇನು ಅಂತ ಕೇಳಿದಳು. ಎಲ್ಲರೂ ನಕ್ಕೆವು. ನಗು ಬಂದಿದ್ದಕ್ಕೆ ನನಗೆ ಕಣ್ಣಲ್ಲಿ ನೀರೂ ಬಂತು.

ಸೋಮವಾರ ಸಂಜೆ ಅಂಗಡಿಗೆ ಒಬ್ಬ ಹುಡುಗ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಫೈಲು. ಹೊರಗೆ ಗಾಡಿ ಆಫ್ ಆಗಿರಲಿಲ್ಲ. "ಅಣ್ಣ, ಯುವನಿಧಿ ಅರ್ಜಿ" ಅಂದ, ದನಿ ತಗ್ಗಿಸಿ. ಕಂಪ್ಯೂಟರ್ ಮುಂದೆ ಮಗಳೇ ಕೂತಿದ್ದಳು. ಅಂಕಪಟ್ಟಿ ಕೊಡು ಅಂತ ಕೈ ಚಾಚಿದಳು. ನಾನು ಎದ್ದು ಹೊರಗೆ ಹೋದೆ. ನನ್ನ ವಯಸ್ಸಿನವರೇ. ಹೆಲ್ಮೆಟ್ ತೆಗೆದಿರಲಿಲ್ಲ.

"ಒಳಗೆ ಬನ್ನಿ ಸಾರ್, ಸ್ವಲ್ಪ ಹೊತ್ತಾಗುತ್ತೆ" ಅಂದೆ.

"ಪರವಾಗಿಲ್ಲ ಬಿಡಿ, ಇಲ್ಲೇ ಇರ್ತೀನಿ."

"ಅಲ್ಲಿ ಟೈಪ್ ಮಾಡ್ತಿರೋದು ನನ್ನ ಮಗಳು. ಬಿಇ ಮುಗಿಸಿದ್ದಾಳೆ. ಇನ್ನೂ ಕೆಲಸ ಸಿಕ್ಕಿಲ್ಲ. ಅವಳಿಗೂ ಬರುತ್ತೆ."

ಅವರು ಒಳಗೆ ನೋಡಿದರು. ಗಾಡಿ ಆಫ್ ಮಾಡಿದರು. ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ ಒಳಗೆ ಬಂದರು. ಸ್ಟೂಲ್ ಎಳೆದುಕೊಂಡು ಕೂತರು.

"ಎಷ್ಟು ತಿಂಗಳಾಯ್ತು ಸಾರ್, ನಿಮ್ಮ ಮಗಳದ್ದು?" ಅಂದರು.