ಸೊಂಟದಲ್ಲಿ ಹುಟ್ಟಿ ಕಾಲಿಗಿಳಿಯುವ ನೋವು

ಸಯಾಟಿಕಾ, ಅಂದರೆ ಸಯಾಟಿಕ್ ನರದ ನೋವು, ಕಾಡುವುದು ಕಾಲಿನಲ್ಲಾದರೂ ಅದರ ಮೂಲ ಸಾಮಾನ್ಯವಾಗಿ ಬೆನ್ನಿನಲ್ಲಿರುತ್ತದೆ ಎಂದು ವೈದ್ಯರು ವಿವರಿಸಿದಾಗ ನನಗೆ ನಂಬುವುದು ಕಷ್ಟವಾಗಿತ್ತು. ಸೊಂಟದ ಕೆಳಭಾಗದಿಂದ ಹೊರಡುವ ಐದು ನರಮೂಲಗಳು ಕೂಡಿ, ಪೃಷ್ಠದ ಆಳದಲ್ಲಿ ಹಾದು, ತೊಡೆಯ ಹಿಂದೆ ಇಳಿಯುವ ಈ ನರವು ದೇಹದಲ್ಲೇ ಅತ್ಯಂತ ದಪ್ಪನೆಯದು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ಆ ಮೂಲಗಳಲ್ಲೊಂದನ್ನು ಒತ್ತಿ ಕೆರಳಿಸಿದಾಗ ನೋವು, ಜೋಮು, ಉರಿ ಪಾದದವರೆಗೂ ಹರಿಯುತ್ತವೆ. ಕೆಮ್ಮಿದರೆ, ಸೀನಿದರೆ ಇನ್ನಷ್ಟು ಹೆಚ್ಚುತ್ತವೆ. ವಯಸ್ಸಾದವರಲ್ಲಿ ನರದ ದಾರಿಯೇ ಕಿರಿದಾಗಿರುವುದುಂಟು.

ಬಂಧುಗಳೆಲ್ಲರೂ ಮಲಗಿಯೇ ಇರುವಂತೆ ಹೇಳುತ್ತಾರೆ, ಆದರೆ ದೀರ್ಘ ವಿಶ್ರಾಂತಿಯಿಂದ ಸ್ನಾಯುಗಳು ಸೋಲುತ್ತವೆಯೇ ಹೊರತು ನರಕ್ಕೆ ಲಾಭವಿಲ್ಲ. ನೋವು ತಾಳುವಷ್ಟು ನಡೆಯುವುದು, ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದೇಳುವುದು, ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಿಂಬಿಡುವುದು, ಫಿಸಿಯೋಥೆರಪಿಸ್ಟರು ಕಲಿಸಿದ ವ್ಯಾಯಾಮಗಳನ್ನಷ್ಟೇ ಮಾಡುವುದು ನನಗೆ ಒಗ್ಗಿದವು. ತುಂಬಿದ ಕೊಡವನ್ನು ಬಗ್ಗಿ ಎತ್ತುವುದನ್ನೂ ನೆಲದಲ್ಲಿ ಬಹಳ ಹೊತ್ತು ಕೂರುವುದನ್ನೂ ಬಿಡಬೇಕಾಯಿತು. ಹಬ್ಬದ ಪಂಕ್ತಿಯಲ್ಲಿ ಕುರ್ಚಿ ಕೇಳುವುದು ಮಾತ್ರ ಈಗಲೂ ಮುಜುಗರವೇ. ಹೆಚ್ಚಿನವರಲ್ಲಿ 6ರಿಂದ 12 ವಾರಗಳಲ್ಲಿ ನೋವು ತಗ್ಗುತ್ತದೆ. ಮೊದಲ ದಿನವೇ ಎಂ.ಆರ್.ಐ. ಮಾಡಿಸುವ ಆತುರ ನನಗೆ ಸರಿಕಾಣುವುದಿಲ್ಲ, ಏಕೆಂದರೆ ಯಾವ ನೋವೂ ಇಲ್ಲದವರ ಚಿತ್ರಗಳಲ್ಲಿಯೂ ಉಬ್ಬಿದ ಡಿಸ್ಕ್ ಕಾಣಸಿಗುತ್ತದೆ.

ಆದರೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ, ಇಲ್ಲವೇ ಕಾಲುಗಳು ಬಲಗುಂದುತ್ತಾ ಹೋದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.